ಕಲ್ಲುಕಂಬಗಳ ನಡುಗಡ್ಡೆ

ಉಡುಪಿಗೆ ಬಂದವರು ಕೃಷ್ಣನ ದರ್ಶನ ಪಡೆದು, ಮಠದಲ್ಲಿ ಊಟ ಮುಗಿಸಿ, ಮಲ್ಪೆಯ ಕಡಲಲ್ಲಿ ಕಾಲು ನೆನೆಸಿಕೊಂಡು ಊರಿಗೆ ಮರಳುವುದು ರೂಢಿ. ಆದರೆ ಮಲ್ಪೆಯಿಂದ ದೋಣಿ ಹತ್ತಿ ಅರ್ಧ ಗಂಟೆ ಸಾಗಿದರೆ ಬೇರೊಂದು ಲೋಕವೇ ಎದುರಾಗುತ್ತದೆ. ಅದೇ ಸೇಂಟ್ ಮೇರೀಸ್ ದ್ವೀಪ. ಸ್ಥಳೀಯರಿಗೆ ಇದು ತೋನ್ಸೆಪಾರ್.

ಇಲ್ಲಿ ಮನೆಯಿಲ್ಲ, ಊರಿಲ್ಲ, ವಾಹನಗಳ ಗದ್ದಲವಿಲ್ಲ. ತೆಂಗಿನ ಮರಗಳು, ದಡದ ತುಂಬ ಚಿಪ್ಪುಗಳು, ಅಲೆಗಳ ಮೊರೆತ ಇಷ್ಟೇ. ವಾರದ ದಿನ ಬೆಳಿಗ್ಗೆಯೇ ಬಂದವರಿಗೆ ಆ ಪ್ರಶಾಂತತೆ ಪೂರ್ತಿ ದಕ್ಕುತ್ತದೆ.

1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು, ಮೇರಿ ಮಾತೆಯ ಹೆಸರಿಟ್ಟನೆಂಬ ಪ್ರತೀತಿ ಇದೆ. ಆದರೆ ದ್ವೀಪದ ನಿಜವಾದ ಚರಿತ್ರೆ ಇರುವುದು ಕಲ್ಲುಗಳಲ್ಲಿ. ಯಾರೋ ಕಡೆದು ಜೋಡಿಸಿಟ್ಟಂತೆ ಕಾಣುವ ಐದು, ಆರು ಮುಖದ ಕಂಬಗಳು ಕಡಲಂಚಿನಲ್ಲಿ ಒತ್ತೊತ್ತಾಗಿ ನಿಂತಿವೆ. ಇವು ಮನುಷ್ಯನ ಕೈಕೆಲಸವಲ್ಲ. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರುಕು ಬಿಡುವುದನ್ನು ಮಕ್ಕಳು ನೋಡಿರುತ್ತಾರೆ. ಉಕ್ಕಿಬಂದ ಲಾವಾರಸವೂ ಹಾಗೆಯೇ, ತಣ್ಣಗಾಗುತ್ತ ಕುಗ್ಗಿ, ಮೇಲಿನಿಂದ ಆಳದವರೆಗೆ ಸೀಳಿಕೊಂಡು ಕಂಬಗಳಾಯಿತು. ಇದು ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ. ಪಠ್ಯಪುಸ್ತಕದಲ್ಲಿ ಓದಿದ ಖಂಡಗಳ ಚಲನೆಗೆ ಇಲ್ಲಿ ಕೈಯಿಂದ ಮುಟ್ಟಬಹುದಾದ ಸಾಕ್ಷಿಯಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುವುದು ಇದಕ್ಕಾಗಿಯೇ.

ಶಾಂತವಾಗಿ ಕಂಡರೂ ಈ ಕಡಲನ್ನು ನಂಬುವಂತಿಲ್ಲ. ಪಾಚಿ ಕಟ್ಟಿದ ಬಂಡೆಗಳು ಜಾರುತ್ತವೆ. ಅವುಗಳ ನಡುವೆ ಅಲೆಯ ಸೆಳೆತ ಬಲವಾಗಿರುತ್ತದೆ. 2022ರ ಏಪ್ರಿಲ್‌ನಲ್ಲಿ ಪ್ರವಾಸ ಬಂದಿದ್ದ ಕೇರಳದ ಕಾಲೇಜು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಚಿತ್ರ ತೆಗೆಸಿಕೊಳ್ಳುವ ಆಸೆಗೆ ತುದಿಯ ಬಂಡೆ ಏರುವ ಮಕ್ಕಳನ್ನು ಹಿರಿಯರು ತಡೆಯಲೇಬೇಕು. ಕಾವಲುಗಾರರ ಸೀಟಿಗೆ ಬೇಸರಪಡದೆ ಹಿಂದೆ ಸರಿಯುವುದೇ ಜಾಣತನ.

ಮಳೆಗಾಲದಲ್ಲಿ ದೋಣಿಗಳು ಓಡುವುದಿಲ್ಲ. ಡಿಸೆಂಬರ್, ಜನವರಿ ಹಿತವಾದ ಕಾಲ. ರಾತ್ರಿ ತಂಗಲು ಅವಕಾಶವಿಲ್ಲದ ಕಾರಣ ಸಂಜೆಯೊಳಗೆ ಮಲ್ಪೆಗೆ ಮರಳಬೇಕು. ಬಿಸಿಲಿಗೊಂದು ಟೋಪಿ, ಕುಡಿಯುವ ನೀರು ಜೊತೆಗಿರಲಿ. ಖಾಲಿ ಬಾಟಲಿ, ತಿಂಡಿಯ ಪೊಟ್ಟಣಗಳು ಚೀಲದಲ್ಲೇ ವಾಪಸು ಬರಲಿ.

ನೆನಪಿಗೆಂದು ಒಂದು ಕಲ್ಲಿನ ಚೂರನ್ನೂ ಕೀಳದೆ ಬರುವುದು ಒಳ್ಳೆಯದು. ಕೋಟಿ ವರ್ಷಗಳಿಂದ ಉಳಿದುಬಂದದ್ದು ಮುಂದೆ ಬರುವ ಮಕ್ಕಳಿಗೂ ಹಾಗೆಯೇ ಕಾಣಸಿಗಬೇಕಲ್ಲವೇ?