ಸೂಟಿ

ಹಾನಗಲ್ಲಿನ ಸುತ್ತ ಭತ್ತದ ಗದ್ದೆಗಳು ಬಂಗಾರದ ಬಣ್ಣಕ್ಕೆ ತಿರುಗಿ, ಮನೆಮನೆಯ ಹಿತ್ತಲಲ್ಲಿ ಕುಡುಗೋಲು ಮಸೆಯುವ ಸಪ್ಪಳ ಏಳುವ ಹೊತ್ತಿಗೆ, ನವೆಂಬರದ ಒಂದು ಬೆಳಗ್ಗೆ, ಪತ್ರಿಕೆಯಲ್ಲಿ ಮುಂದಿನ ವರ್ಷದ ಸರಕಾರಿ ರಜೆಗಳ ಪಟ್ಟಿ ಬರುತ್ತದೆ. ಅದನ್ನು ಕತ್ತರಿಸಿ ಕಪಾಟಿನ ಬಾಗಿಲ ಒಳಮೈಗೆ ಅಂಟಿಸುವುದು ನನ್ನ ಹಳೆಯ ರೂಢಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ಕನ್ನಡ ಸಾಲಿಗಳಲ್ಲಿ ಮಾಸ್ತರಿಕೆ ಮಾಡಿ ಮನೆಗೆ ಬಂದವನು ನಾನು. ಈಗ ನನಗೆ ಎಲ್ಲ ದಿನವೂ ಬಿಡುವೇ. ಆದರೂ ಆ ಪಟ್ಟಿ ಕೈಗೆ ಸಿಕ್ಕಾಗ ಮೊದಲು ನೋಡುವುದು ಯಾವ ಹಬ್ಬ ಐತವಾರಕ್ಕೆ ಬಿತ್ತು ಎಂಬುದನ್ನೇ. ಐತವಾರಕ್ಕೋ ಎರಡನೆಯ ಶನಿವಾರಕ್ಕೋ ಬಿದ್ದ ಹಬ್ಬವನ್ನು ಸರಕಾರ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಹಾಗೆ ಕಳೆದುಹೋದ ಹಬ್ಬಕ್ಕಾಗಿ ಇಡೀ ವರ್ಗದ ಹುಡುಗರ ಮುಖ ಬಾಡಿದ್ದನ್ನು ಕಂಡವನು ನಾನು.

ನಮ್ಮ ಕಡೆ ಯಾರೂ ಅದನ್ನು ರಜೆ ಎನ್ನುವುದಿಲ್ಲ, ಸೂಟಿ ಎನ್ನುತ್ತಾರೆ. ಅರ್ಜಿ ಬರೆದುಕೊಟ್ಟು ಪಡೆಯುವುದು ರಜೆ. ಊರಿಗೆ ಊರೇ ಕೈಬಿಟ್ಟು ಕೂಡುವುದು ಸೂಟಿ. "ಸರ್ರ, ನಾಳೆ ಸೂಟಿ ಐತೇನ್ರಿ?" ಎಂದು ಸಂಜೆಯ ಗಂಟೆಗೆ ಮೊದಲು ಹಿಂದಿನ ಬೆಂಚಿನಿಂದ ಬರುತ್ತಿದ್ದ ಆ ದನಿಯಲ್ಲಿ, ನಾಳೆ ಗೆಳೆಯರೂ ಸಿಗುತ್ತಾರೆ, ಅಪ್ಪನೂ ಮನೆಯಲ್ಲಿರುತ್ತಾನೆ, ಅವ್ವ ಹೋಳಿಗೆ ಮಾಡುತ್ತಾಳೆ ಎಂಬುದೆಲ್ಲ ತುಂಬಿರುತ್ತಿತ್ತು. ನನಗೊಬ್ಬನಿಗೇ ಬಿಡುವು ಸಿಕ್ಕರೆ ನಿದ್ದೆ ಮಾಡಬಹುದು. ಎಲ್ಲರಿಗೂ ಒಂದೇ ದಿನ ಸಿಕ್ಕರೆ ಹಬ್ಬ ಮಾಡಬಹುದು.

ಒಂದು ದೇಶ ತನ್ನ ಸೂಟಿಯನ್ನು ಹೇಗೆ ಗೊತ್ತುಮಾಡುತ್ತದೆ ಎಂದು ಹುಡುಕುತ್ತ ಹೋದರೆ ದಾರಿ ಗುಡಿಯ ಕಡೆಗೂ ಹೋಗುವುದಿಲ್ಲ, ಧ್ವಜಸ್ತಂಭದ ಕಡೆಗೂ ಹೋಗುವುದಿಲ್ಲ. ನೇರ ಸಾಲದ ಕಾಗದದ ಹತ್ತಿರ ಹೋಗಿ ನಿಲ್ಲುತ್ತದೆ. ಭಾರತದ ಸಾರ್ವಜನಿಕ ರಜೆಗೆ ಕಾನೂನಿನ ಬಲ ಬಂದದ್ದು 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಿಂದ. ಹುಂಡಿ, ಚೆಕ್ಕು, ಸಾಲಪತ್ರಗಳ ಕಾಯ್ದೆ ಅದು. ಅದರ 25ನೆಯ ಕಲಮು ಹೇಳುವುದಿಷ್ಟೆ: ಹುಂಡಿಯ ಮುದ್ದತು ಸಾರ್ವಜನಿಕ ರಜೆಯ ದಿನ ತುಂಬಿದರೆ, ಅದರ ಹಿಂದಿನ ಕೆಲಸದ ದಿನವೇ ಹಣ ಕೊಡಬೇಕಾದ ದಿನ. ಐತವಾರವೂ, ಸರಕಾರ ಗೆಜೆಟ್ಟಿನಲ್ಲಿ ಸಾರಿದ ಬೇರೆ ದಿನಗಳೂ ಸಾರ್ವಜನಿಕ ರಜೆ ಎಂದು ಅಲ್ಲೇ ವಿವರಣೆ ಇದೆ. ಅದಕ್ಕೂ ಹತ್ತು ವರ್ಷ ಮೊದಲು, 1871ರಲ್ಲಿ, ಇಂಗ್ಲೆಂಡಿನಲ್ಲಿ ಜಾನ್ ಲಬಕ್ ಎಂಬವರು ಇಂಥದೇ ಕಾಯ್ದೆ ತಂದಿದ್ದರು. ಅಲ್ಲಿನವರು ಇಂದಿಗೂ ಸಾರ್ವಜನಿಕ ರಜೆಯನ್ನು ಬ್ಯಾಂಕ್ ಹಾಲಿಡೇ ಎಂದೇ ಕರೆಯುತ್ತಾರೆ. ರಜೆ ಸಾರುವ ಆ ಅಧಿಕಾರವನ್ನು ಕೇಂದ್ರದ ಗೃಹ ಮಂತ್ರಾಲಯ 1957ರಲ್ಲಿ ರಾಜ್ಯಗಳಿಗೂ ಕೊಟ್ಟಿತು. ನಮ್ಮಲ್ಲಿ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ವರ್ಷಕ್ಕೊಮ್ಮೆ ಪಟ್ಟಿ ಹೊರಡಿಸುತ್ತದೆ.

ಆ ಪಟ್ಟಿಯನ್ನು ನಿಧಾನವಾಗಿ ಓದುವುದರಲ್ಲಿ ಒಂದು ರುಚಿಯಿದೆ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಈ ಮೂರು ದಿನ ಇಡೀ ದೇಶದವು. ಯಾವ ರಾಜ್ಯವೂ ಇವನ್ನು ಬಿಡುವಂತಿಲ್ಲ. ಮಿಕ್ಕವು ನಾಡಿನ ಬದುಕನ್ನು ನೋಡಿ ಜೋಡಿಸಿದವು. ಕೊಡಗಿನವರಿಗೆ ಮಾತ್ರ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಯ ಸ್ಥಳೀಯ ರಜೆಗಳಿವೆ. ತಮ್ಮ ತಮ್ಮ ನಂಬಿಕೆಗೆ ತಕ್ಕಂತೆ ಆರಿಸಿಕೊಳ್ಳಲು ನೌಕರರಿಗೆ ಪರಿಮಿತ ರಜೆಗಳ ಬೇರೊಂದು ಪಟ್ಟಿಯಿದೆ. ಕೆಳಗಿನ ಸಣ್ಣ ಅಕ್ಷರದ ಸೂಚನೆಗಳಲ್ಲಿ ನನಗೆ ತೀರ ಹಿಡಿಸಿದ ಮಾತೊಂದಿದೆ: ಮುಸ್ಲಿಮರ ಹಬ್ಬ ಗೊತ್ತುಪಡಿಸಿದ ತಾರೀಖಿಗೆ ಬೀಳದಿದ್ದರೆ, ಆ ರಜೆಯ ಬದಲು ಹಬ್ಬದ ದಿನವೇ ಮುಸ್ಲಿಂ ನೌಕರರಿಗೆ ರಜೆ ಕೊಡಬಹುದು. ಸವಣೂರಿನ ಮಾಳಿಗೆಗಳ ಮೇಲೆ ನಿಂತು ಪಡುವಣದ ಕಡೆ ಚಂದ್ರನ ಎಳೆ ಹುಡುಕುವ ಕಣ್ಣುಗಳನ್ನು ನಾನು ಎಷ್ಟೋ ರಮಜಾನಿನಲ್ಲಿ ನೋಡಿದ್ದೇನೆ. ಚಂದ್ರ ಕಂಡ ಸುದ್ದಿ ಬಂದೊಡನೆ ಪೇಟೆಯಲ್ಲಿ ಒಂದು ಸಂಭ್ರಮದ ಗದ್ದಲ ಏಳುತ್ತದೆ, ಸೇಮಿಗೆ ಕಟ್ಟಿಸಿಕೊಳ್ಳುವವರು ಅಂಗಡಿಗೆ ಮುಗಿಬೀಳುತ್ತಾರೆ. ಮೊದಲೇ ಅಚ್ಚಾದ ಸರಕಾರದ ಕಾಗದವೊಂದು ಆಕಾಶದ ಚಂದ್ರನಿಗಾಗಿ ಅಷ್ಟು ಜಾಗ ಬಿಟ್ಟುಕೊಟ್ಟಿರುವುದು ದೊಡ್ಡ ಮಾತು.

ಆದರೆ ನನ್ನ ಅವ್ವನಿಗೆ ಬೇರೆಯೇ ಪಟ್ಟಿಯಿತ್ತು. ಅದನ್ನು ಯಾರೂ ಅಚ್ಚು ಹಾಕಿಸಿರಲಿಲ್ಲ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಮೈತೊಳೆದು ಕೋಡಿಗೆ ಬಣ್ಣ. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಮಣ್ಣಿನ ಜೋಡೆತ್ತು. ಸೀಗಿಹುಣ್ಣಿಮೆಗೆ ಹೊಲಕ್ಕೆ ಚರಗ. ಇವೆಲ್ಲದರ ಮೇಲೆ ಗ್ರಾಮದೇವಿಯ ಜಾತ್ರೆಯ ಮುಂಚೆ ಐದು ಮಂಗಳವಾರ ವಾರ ಹಿಡಿಯುವುದು. ಹಿಂದಿನ ಸಂಜೆ ತಳವಾರ ಹಲಗೆ ಬಾರಿಸುತ್ತ ಓಣಿ ಓಣಿ ತಿರುಗುತ್ತಿದ್ದ: "ಕೇಳ್ರಪೋ ಕೇಳ್ರೀ... ನಾಳಿ ದೇವಿ ವಾರ ಐತಿ... ಯಾರೂ ಗಳೇ ಹೂಡಬ್ಯಾಡ್ರಿ, ಬೀಸಬ್ಯಾಡ್ರಿ, ಕುಟ್ಟಬ್ಯಾಡ್ರಿ, ಒಲಿ ಮ್ಯಾಲೆ ಹಂಚ ಇಡಬ್ಯಾಡ್ರೀ..."

ಹಂಚು ಇಡುವಂತಿಲ್ಲ ಎಂದರೆ ರೊಟ್ಟಿ ಇಲ್ಲ ಎಂದರ್ಥ. ನಮ್ಮೂರಲ್ಲಿ ಬೆಳಗಾಗುತ್ತಿದ್ದುದೇ ರೊಟ್ಟಿ ಬಡಿಯುವ ಸಪ್ಪಳದಿಂದ. ನಮ್ಮ ಮನೆಯದು, ಪಕ್ಕದ ಮನೆಯದು, ಆಚೆ ಓಣಿಯದು, ಎಲ್ಲ ಕೂಡಿ ಒಂದೇ ತಾಳಕ್ಕೆ ಬಿದ್ದಂತೆ ಕೇಳುತ್ತಿತ್ತು. ವಾರದ ದಿನ ಕಣ್ಣುಬಿಟ್ಟರೆ ಆ ಸಪ್ಪಳ ಇರುತ್ತಿರಲಿಲ್ಲ. ಗುಬ್ಬಿಗಳ ಚಿಲಿಪಿಲಿ ಅವತ್ತೇ ಪೂರಾ ಕೇಳಿಸುತ್ತಿತ್ತು. ಸೋಮವಾರ ರಾತ್ರಿಯೇ ಬಡಿದಿಟ್ಟ ರೊಟ್ಟಿ ಬುಟ್ಟಿಯಲ್ಲಿ ಬಿಳಿ ಅರಿವೆಯಡಿ ಕಾಯುತ್ತಿತ್ತು. ಗಟ್ಟಿ ಮೊಸರು, ಶೇಂಗಾದ ಹಿಂಡಿ, ಜಜ್ಜಿದ ಉಳ್ಳಾಗಡ್ಡಿ. ಉಂಡು ಅವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂಡುತ್ತಿದ್ದಳು. ಅವಳ ಹಿಂದೆ ನೆರೆಮನೆಯ ಕಾಕಿ ಕೂತು ಅವಳ ಜಡೆ ಬಿಚ್ಚಿ ಹಣಿಗೆ ಆಡಿಸುತ್ತಿದ್ದಳು. ಕಾಕಿಯ ಹಿಂದೆ ಇನ್ನೊಬ್ಬಾಕೆ. ಹಾಗೆ ನಾಲ್ಕೈದು ಜನ ಒಬ್ಬರ ತಲೆ ಒಬ್ಬರು ಬಾಚುತ್ತ ಮಧ್ಯಾಹ್ನದತನಕ ಮಾತಾಡುತ್ತಿದ್ದರು. ಅವ್ವ ಅಂಗೈಯನ್ನು ಹಿಟ್ಟಿಲ್ಲದೆ, ಬೂದಿಯಿಲ್ಲದೆ, ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡಿದ್ದನ್ನು ನಾನು ಕಂಡದ್ದು ಆ ಮಂಗಳವಾರಗಳಂದೇ. ಊರಿನ ಹಿರಿಯರು ಹೊಲಕ್ಕೆ, ಎತ್ತಿಗೆ ಬಿಡುವು ಕೊಡುವಾಗ ಒಲೆಯ ಮುಂದೆ ಕೂತವಳನ್ನು ಮರೆತಿರಲಿಲ್ಲ. ಹಂಚಿಗೇ ಸೂಟಿ ಕೊಟ್ಟು ಅವಳಿಗೆ ಸೂಟಿ ಕೊಟ್ಟಿದ್ದರು.

ಇನ್ನು ಸಾಲಿಯ ಸೂಟಿಗಳಲ್ಲಿ ವಿಚಿತ್ರವಾದದ್ದು ಆಗಸ್ಟ್ 15ರ ಝಂಡಾ ಹಬ್ಬ. ಸೂಟಿಯೆಂದು ಸಾರಿದ ದಿನವೇ ಯಾವ ಹುಡುಗನೂ ತಪ್ಪಿಸದೆ ಬರುತ್ತಿದ್ದ. ಹಿಂದಿನ ರಾತ್ರಿ ಹಿತ್ತಾಳೆ ತಂಬಿಗೆಯಲ್ಲಿ ಕೆಂಡ ತುಂಬಿ ಅಂಗಿಗೆ ಇಸ್ತ್ರಿ. ಆಗಸ್ಟಿನಲ್ಲಿ ಹಾನಗಲ್ಲಿನ ಕಡೆ ಜಿಟಿಜಿಟಿ ಮಳೆ; ಆನೆಕೆರೆ ತುಂಬಿ ತುಳುಕುವ ಕಾಲ. ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದ ಮಕ್ಕಳು ಕೆಸರೋಣಿಯಲ್ಲಿ ಪ್ರಭಾತ್ ಫೇರಿ ಹೊರಡುತ್ತಿದ್ದರು. ನಾನು ಬೆಳಗಿನ ಐದಕ್ಕೇ ಎದ್ದು ಧ್ವಜ ಮಡಿಸುತ್ತಿದ್ದೆ. ಮಡಿಕೆಯೊಳಗೆ ಸೇವಂತಿಗೆ, ಗುಲಾಬಿಯ ಎಸಳು ಇಟ್ಟು, ಒಂದೇ ಜಗ್ಗಿಗೆ ಬಿಚ್ಚಿಕೊಳ್ಳುವಂತೆ ಜೀರುಗಂಟು ಹಾಕಬೇಕು. ಬಿಗಿಯಾದರೆ ಬಿಚ್ಚುವುದಿಲ್ಲ, ಸಡಿಲಾದರೆ ಅರ್ಧಕ್ಕೇ ಉದುರುತ್ತದೆ. ಆ ಗಂಟು ಹಾಕುವಾಗ ಪ್ರತಿ ವರ್ಷವೂ ನನ್ನ ಬೆರಳು ನಡುಗುತ್ತಿದ್ದವು. ದಾರ ಜಗ್ಗಿ, ಬಟ್ಟೆ ಬಿಚ್ಚಿಕೊಂಡು, ಹೂವಿನ ಎಸಳು ಮಕ್ಕಳ ತಲೆಯ ಮೇಲೆ ಬಿದ್ದಾಗ ಉಸಿರು ಹಗುರಾಗುತ್ತಿತ್ತು. ಆ ಖಾದಿ ಧ್ವಜವೂ ದೂರದ್ದಲ್ಲ. ಶಿಗ್ಗಾಂವಿ ದಾಟಿ ಹೆದ್ದಾರಿ ಹಿಡಿದರೆ ಹುಬ್ಬಳ್ಳಿ. ಅಲ್ಲಿನ ಬೆಂಗೇರಿಯ ಖಾದಿ ಸಂಘದಲ್ಲಿ ಹೆಣ್ಣುಮಕ್ಕಳು ಹೊಲಿದ ಧ್ವಜವೇ ದೇಶದ ಮೂಲೆಮೂಲೆಗೆ ಹೋಗುತ್ತದೆ.

ಆ ಹೊತ್ತಿನಲ್ಲಿ ಮಕ್ಕಳಿಗೆ ನಾನು ದಿಲ್ಲಿಯ ಕತೆಗಿಂತ ಮೊದಲು ಹತ್ತಿರದ ಕತೆ ಹೇಳುತ್ತಿದ್ದೆ. ಮೋಟೆಬೆನ್ನೂರಿನ ಮೈಲಾರ ಮಹಾದೇವ 1930ರಲ್ಲಿ ಗಾಂಧೀಜಿಯೊಡನೆ ದಂಡಿಗೆ ನಡೆದವನು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಕೊಟ್ಟವನು. ಆ ಕಾಲದಲ್ಲಿ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಮುಂಬಯಿ ಪ್ರಾಂತದಲ್ಲಿದ್ದವು, ಆದರೆ ಪಕ್ಕದ ಸವಣೂರು ನವಾಬರ ಸಂಸ್ಥಾನ. ಅದು ವಿಲೀನವಾದದ್ದು 1948ರ ಮಾರ್ಚ್‌ನಲ್ಲಿ. ಇವೆಲ್ಲ ಆಗಿನ ಮೈಸೂರು ರಾಜ್ಯಕ್ಕೆ, ಎಂದರೆ ಇಂದಿನ ಕರ್ನಾಟಕಕ್ಕೆ, ಸೇರಿದ್ದು 1956ರ ನವೆಂಬರ್ 1ಕ್ಕೆ. ಅಕ್ಕಪಕ್ಕದ ಊರುಗಳು ಒಂದೇ ದಿನ ಸೂಟಿ ಆಚರಿಸುವಂತಾಗಲು ಇಷ್ಟೆಲ್ಲ ಆಗಬೇಕಾಯಿತು. ಹಾಗೆಂದೇ ನವೆಂಬರ್ 1ರ ಕೆಂಪು ಅಂಕಿ ನೋಡಿದಾಗ, ಕನ್ನಡದ ಸ್ಥಾನಕ್ಕಾಗಿ ವರದಿ ಕೊಟ್ಟ ವಿ.ಕೃ. ಗೋಕಾಕರು ಇದೇ ಸವಣೂರಿನಲ್ಲಿ ಹುಟ್ಟಿದವರೆಂಬುದು ನನಗೆ ನೆನಪಾಗುತ್ತದೆ.

ಪಟ್ಟಿಯಲ್ಲಿ ನಮ್ಮ ಮಣ್ಣಿನ ಹೆಸರೂ ಒಂದಿದೆ: ಕನಕ ಜಯಂತಿ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಒಬ್ಬ ನಾಯಕ, ಕತ್ತಿ ಕೆಳಗಿಟ್ಟು ಹರಿದಾಸನಾದ ಕಾರಣಕ್ಕೆ, ಕಾರ್ತಿಕದ ಒಂದು ದಿನ ಬೀದರಿನಿಂದ ಚಾಮರಾಜನಗರದತನಕ ಕಚೇರಿಗಳ ಬಾಗಿಲು ಮುಚ್ಚುತ್ತವೆ. ಬಾಡದ ಓಣಿಯಲ್ಲಿ ಆಡುವ ಹುಡುಗನಿಗೆ ಇದು ಸಣ್ಣ ಮಾತಲ್ಲ. ಅದೇ ತಾಲೂಕಿನ ಶಿಶುವಿನಹಾಳದ ಶರೀಫಜ್ಜ ಹುಟ್ಟಿದ್ದೂ ದೇಹ ಬಿಟ್ಟದ್ದೂ ಜುಲೈ 3ರಂದು, 1819 ಮತ್ತು 1889ರಲ್ಲಿ. ಕೆಲಕಾಲ ಅವರೂ ನನ್ನಂತೆ ಸಾಲಿ ಮಾಸ್ತರರು. ಅವರಿಗೆ ಕೆಂಪು ಅಂಕಿಯಿಲ್ಲ, ಆದರೆ ಅವರ ಗದ್ದುಗೆಯ ಮುಂದೆ ಕಾಯಿ ಒಡೆಸುವವರೂ ಸಕ್ಕರೆ ಓದಿಸುವವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಹಿರೇಕೆರೂರು ತಾಲೂಕಿನ ಅಬಲೂರಿನವನೆಂದು ನಾವು ಹೆಮ್ಮೆಪಡುವ ಸರ್ವಜ್ಞನ ಜಯಂತಿ ಫೆಬ್ರುವರಿ 20ಕ್ಕೆ. ಸರಕಾರ ಆಚರಿಸುತ್ತದೆ, ಸೂಟಿ ಕೊಡುವುದಿಲ್ಲ. ಅವತ್ತು ನಾನು ಮಕ್ಕಳಿಂದ ತ್ರಿಪದಿ ಹೇಳಿಸಿಯೇ ಪಾಠ ಶುರುಮಾಡುತ್ತಿದ್ದೆ. ಸೂಟಿ ಸಿಕ್ಕಿದ್ದರೆ ಅಷ್ಟು ಮಕ್ಕಳ ಬಾಯಲ್ಲಿ ಸರ್ವಜ್ಞ ಒಟ್ಟಿಗೆ ಬರುತ್ತಿರಲಿಲ್ಲ. ಮಹಾತ್ಮರಿಗೆ ಸಲ್ಲಬೇಕಾದದ್ದು ನಾವೆಲ್ಲ ಒಂದು ಹೊತ್ತು ಒಟ್ಟಿಗೆ ಕೂತು ಅವರನ್ನು ನೆನೆಯುವುದು. ಸೂಟಿ ಅದಕ್ಕೆ ದಾರಿಯಾದರೆ ಸೂಟಿ ಇರಲಿ, ಪಾಠ ದಾರಿಯಾದರೆ ಪಾಠ ಇರಲಿ.

ಒಂದು ವಿಷಯ ಮಾತ್ರ ನನ್ನ ಮನಸ್ಸನ್ನು ಚುಚ್ಚುತ್ತಲೇ ಇದೆ. ಕಾರ್ಖಾನೆ, ಅಂಗಡಿಗಳಲ್ಲಿ ದುಡಿಯುವವರಿಗೆ ಸಂಬಳ ಸಹಿತ ಸೂಟಿ ಕೊಡಿಸಲು 1963ರಿಂದ ನಮ್ಮ ರಾಜ್ಯದಲ್ಲಿ ಕಾಯ್ದೆಯಿದೆ. ಹೊಲದ ಕೂಲಿಗೆ ಅಂಥದ್ದೇನೂ ಮುಟ್ಟಿಲ್ಲ. ಆಗಸ್ಟ್ 15ರಂದು ಝಂಡಾ ಕಟ್ಟೆಯ ಆಚೆ, ಸಾಲಿಯ ಬೇಲಿಗೆ ಹೊಂದಿದ ಗೋವಿನಜೋಳದ ಹೊಲದಲ್ಲಿ, ಬಗ್ಗಿ ಕಳೆ ಕೀಳುತ್ತಿದ್ದ ಹೆಣ್ಣುಮಕ್ಕಳು ಕಾಣುತ್ತಿದ್ದರು. ಜನಗಣಮನ ಶುರುವಾದಾಗ ಅವರು ಕುರ್ಚಿಗಿ ಕೆಳಗಿಟ್ಟು ನೆಟ್ಟಗೆ ನಿಲ್ಲುತ್ತಿದ್ದರು. ಮುಗಿದೊಡನೆ ಮತ್ತೆ ಬಗ್ಗುತ್ತಿದ್ದರು. ಅವರ ಮಕ್ಕಳು ನನ್ನ ಮುಂದೆ ಸಾಲಿನಲ್ಲಿದ್ದರು. ದೇಶದ ಹಬ್ಬ ಅವರಿಗೆ ಅಷ್ಟೇ ಹೊತ್ತಿನದು. ಅವತ್ತು ಕೈ ನಿಂತರೆ ಸಂಜೆಗೆ ಕೂಲಿ ನಿಲ್ಲುತ್ತದೆ. ದೇವಿಯ ವಾರದಂದೂ ಕೂಲಿಯಿರಲಿಲ್ಲ, ಅದನ್ನು ಮುಚ್ಚಿಡಬಾರದು. ಆದರೆ ಹೊಲದೊಡೆಯನೂ ಹೊಲಕ್ಕೆ ಕಾಲಿಡುವಂತಿರಲಿಲ್ಲ. ಕಟ್ಟೆಯ ಮೇಲೆ ಇಬ್ಬರೂ ಕೂಡುತ್ತಿದ್ದರು. ಊರಿನ ಆ ಕಟ್ಟಳೆಗೆ ಕಾಯ್ದೆಯ ಕೂಲಿಯೂ ಸೇರಿದರೆ, ವರ್ಷಕ್ಕೆ ಮೂರೇ ದಿನವಾದರೂ ಸಾಕು, ಅದು ನಿಜವಾಗಿ ರಾಷ್ಟ್ರೀಯ ಸೂಟಿ. ಬೇಲಿಯ ಆಚೆ ನಿಂತವಳು ಈಚೆ ಬಂದು ಮಗನ ಭಾಷಣ ಕೇಳಿ, ಬುಂದೆ ಲಾಡು ತಿಂದು ಹೋಗುವಂತಾಗಬೇಕು.

ಈ ಸಲದ ಪಟ್ಟಿಯನ್ನೂ ಕಪಾಟಿನ ಬಾಗಿಲಿಗೆ ಅಂಟಿಸಿದ್ದೇನೆ. ಅಂಚಿನಲ್ಲಿ ಪೆನ್ಸಿಲಿನಿಂದ ನನ್ನವೂ ಕೆಲವು ಬರೆದಿದ್ದೇನೆ: ಫೆಬ್ರುವರಿ 20, ಏಪ್ರಿಲ್ 1, ಜುಲೈ 3, ಕಾರಹುಣ್ಣಿಮೆ. ಊರಲ್ಲಿ ಈ ವರ್ಷ ದೇವಿಯ ಜಾತ್ರೆಯಿದೆ. ಹಿರಿಯರು ಕೂಡಿ ವಾರ ಗೊತ್ತುಮಾಡಿದ್ದಾರೆ. ಆ ಐದು ಮಂಗಳವಾರಗಳನ್ನೂ ಬರೆದುಕೊಂಡಿದ್ದೇನೆ. ಅವ್ವ ಇಲ್ಲ. ಸೋಮವಾರ ರಾತ್ರಿ ಸೊಸೆಯ ಜೊತೆ ಕೂತು ಹಿಟ್ಟು ನಾದಿಕೊಡುವುದು ಈಗ ನನ್ನ ಕೆಲಸ. ಬೆಳಗ್ಗೆ ಹಂಚು ಗೋಡೆಗೆ ಒರಗಿರುತ್ತದೆ. ಹಾಸಿಗೆಯಲ್ಲೇ ಕಿವಿಗೊಟ್ಟು ಮಲಗಿದರೆ, ಸಪ್ಪಳವಿಲ್ಲದ ಓಣಿಯಲ್ಲಿ ಗುಬ್ಬಿಗಳ ದನಿ ಕೇಳುತ್ತದೆ.