ಮಾಮನ ಊರಲ್ಲಿ ಎರಡು ದಿನ

"ಎರಡನೇ ಶನಿವಾರ ರಜೆ ಉಂಟಲ್ಲ? ಶುಕ್ರವಾರ ರಾತ್ರಿ ಬಸ್ಸು ಹತ್ತು. ಬೆಳಿಗ್ಗೆ ನಾನು ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ."

ಬೆಳಗಾವಿಯ ಮಾಮ ಇಷ್ಟು ಹೇಳಿ, ನನ್ನ ಉತ್ತರಕ್ಕೂ ಕಾಯದೆ ಫೋನ್ ಇಟ್ಟುಬಿಟ್ಟರು. ಎಷ್ಟೋ ವರ್ಷಗಳಿಂದ ಅವರು ಕರೆಯುತ್ತಲೇ ಇದ್ದರು. ಒಮ್ಮೆ ಮಗನ ಪರೀಕ್ಷೆ, ಇನ್ನೊಮ್ಮೆ ಕಚೇರಿಯ ಆಡಿಟ್ಟು, ಮತ್ತೊಮ್ಮೆ ಘಟ್ಟದ ಮಳೆ ಎಂದು ನಾನು ನೆವ ಹೇಳುತ್ತಲೇ ಬಂದಿದ್ದೆ. ಈ ಸಲ ಹೆಂಡತಿ, "ಇನ್ನೂ ಎಷ್ಟು ಸಲ ಆ ಮನುಷ್ಯನಿಂದ ಕರೆಸಿಕೊಳ್ಳುವುದು?" ಎಂದಳು. ಅವಳ ಮಾತಿನ ಹಿಂದಿದ್ದ ಇನ್ನೊಂದು ಮಾತು ನನಗೆ ಅರ್ಥವಾಯಿತು. 2025ರ ಜನವರಿಯ ಎರಡನೇ ಶುಕ್ರವಾರ ನಾವು ಮೂವರು ಮಂಗಳೂರಿನಿಂದ ಹೊರಟೆವು.

ಮಾಮ ಎಂದರೆ ನನ್ನ ಉಮ್ಮನ ಒಬ್ಬನೇ ತಮ್ಮ. ಹದಿಹರೆಯದಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತವರು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನಮ್ಮ ಕಡೆಯ ಎಷ್ಟೋ ಕುಟುಂಬಗಳಿಗೆ ಅದೇ ಅನ್ನವಾಗಿತ್ತು. ಖಾನಾಪುರದಲ್ಲೂ ಒಳ್ಳೆಯ ಜೇಡಿಮಣ್ಣು ಇದೆ, ಅಲ್ಲಿನ ಕಾರ್ಖಾನೆಗಳಿಗೆ ಭಟ್ಟಿಯ ಕೆಲಸ ಗೊತ್ತಿದ್ದವರು ಬೇಕು ಎಂದು ಯಾರೋ ಹೇಳಿದ್ದೇ ನೆವ, ಮಾಮ ಘಟ್ಟ ಹತ್ತಿದರು. ಕೆಲವು ವರ್ಷಗಳ ನಂತರ ಬೆಳಗಾವಿ ಪೇಟೆಯಲ್ಲಿ ಸಣ್ಣದೊಂದು ಬೇಕರಿ ಇಟ್ಟುಕೊಂಡು ಅಲ್ಲಿಯವರೇ ಆಗಿಬಿಟ್ಟರು. ಬಾಪ ತೀರಿಕೊಂಡ ಮೇಲೆ ನನ್ನ ಕಾಲೇಜಿನ ಫೀಸು ಮನಿಯಾರ್ಡರಿನಲ್ಲಿ ಬರುತ್ತಿದ್ದುದು ಆ ಬೇಕರಿಯಿಂದಲೇ. ಆ ಹಣದ ಲೆಕ್ಕವನ್ನು ಅವರು ಯಾವತ್ತೂ ಹೇಳಿದ್ದಿಲ್ಲ. ನಾನೂ ಕೇಳಲಿಲ್ಲ.

ಬೆಳಗಾಗುವ ಹೊತ್ತಿಗೆ ಹೆದ್ದಾರಿಯ ಪಕ್ಕದಲ್ಲಿ ಸುವರ್ಣ ವಿಧಾನಸೌಧ ಕಾಣಿಸಿತು. 2012ರಲ್ಲಿ ಉದ್ಘಾಟನೆಯಾದ ಆ ಬಿಳಿಯ ಕಟ್ಟಡವನ್ನು ಮಗ ನಿದ್ದೆಗಣ್ಣಿನಲ್ಲೇ ನೋಡಿದ. ಬಸ್‌ಸ್ಟ್ಯಾಂಡಿನಲ್ಲಿ ಮಾಮ ಹೇಳಿದಂತೆಯೇ ನಿಂತಿದ್ದರು. ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ಮೂರು ಶಾಲು. "ಕೆಳಗಿನವರಿಗೆ ಇಲ್ಲಿನ ಚಳಿ ಗೊತ್ತಿರುವುದಿಲ್ಲ" ಎಂದು ಒಬ್ಬೊಬ್ಬರ ಹೆಗಲಿಗೂ ಒಂದೊಂದು ಹೊದಿಸಿದರು. ಆಟೋದವನಿಗೆ ಹಣ ಕೊಡಲು ನಾನು ಜೇಬಿಗೆ ಕೈ ಹಾಕಿದಾಗ ಕೈಯನ್ನು ಹಿಡಿದುಬಿಟ್ಟರು.

"ಇದು ನನ್ನ ಊರು ಮೋನೆ. ಇಲ್ಲಿ ನಿನ್ನ ನೋಟು ನಡೆಯುವುದಿಲ್ಲ."

ಎರಡು ದಿನ ನಿಜಕ್ಕೂ ನಡೆಯಲಿಲ್ಲ.

ಮೊದಲು ಕೋಟೆ. ನೀರು ತುಂಬಿದ ಕಂದಕವನ್ನು ದಾಟಿ ಒಳಗೆ ಹೋದರೆ ಬಾಗಿಲಲ್ಲೇ ದುರ್ಗೆಯ ಗುಡಿ ಮತ್ತು ಗಣಪತಿಯ ಗುಡಿ. ಮುಂದೆ ಕಮಲ ಬಸದಿ. ರಟ್ಟರ ದೊರೆ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಕಪ್ಪು ಕಲ್ಲಿನ ಕಂಬಗಳು ಈಗಲೂ ಮುಖ ಕಾಣುವಷ್ಟು ನುಣುಪು. ಮಂಟಪದ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲಕ್ಕೆ 72 ದಳಗಳಂತೆ. ಮಗ ಕತ್ತೆತ್ತಿ ಎಣಿಸತೊಡಗಿ, ನಲ್ವತ್ತು ದಾಟಿದ ಮೇಲೆ ಲೆಕ್ಕ ತಪ್ಪಿ, ಪುನಃ ಮೊದಲಿನಿಂದ ಆರಂಭಿಸಿದ. ಮಾಮ ಅವಸರ ಮಾಡಲಿಲ್ಲ. ಕಟ್ಟೆಯ ಮೇಲೆ ಕುಳಿತು ಕಾದರು.

ಅದೇ ಕೋಟೆಯೊಳಗೆ ಸಫಾ ಮಸೀದಿ ಇದೆ. ಬಿಜಾಪುರದ ಆದಿಲ್‌ಶಾಹಿಗಳ ಸರದಾರ ಅಸದ್ ಖಾನ್ 1519ರಲ್ಲಿ ಕಟ್ಟಿಸಿದ್ದು. ಅಸದ್ ಖಾನನ ದರ್ಗಾ ಪೇಟೆಯ ಕ್ಯಾಂಪ್ ಭಾಗದಲ್ಲಿದೆ. ಮಸೀದಿಗೆ ಹೆಚ್ಚು ದೂರವಿಲ್ಲದ ಜಾಗದಲ್ಲಿ ರಾಮಕೃಷ್ಣ ಆಶ್ರಮ. 1892ರಲ್ಲಿ ಇನ್ನೂ ಲೋಕಕ್ಕೆ ಪರಿಚಯವಿಲ್ಲದ ಸ್ವಾಮಿ ವಿವೇಕಾನಂದರು ಈ ಊರಿಗೆ ಬಂದಾಗ ಅರಣ್ಯ ಇಲಾಖೆಯ ಅಧಿಕಾರಿ ಹರಿಪದ ಮಿತ್ರ ಅವರನ್ನು ಮನೆಯಲ್ಲಿ ಇರಿಸಿಕೊಂಡು ಕೆಲವು ದಿನ ಉಪಚರಿಸಿದರು. ಆ ಮನೆಯೇ ಈಗ ಆಶ್ರಮಕ್ಕೆ ಸೇರಿದೆ. "ನೋಡು, ಮರುವರ್ಷ ಅವರು ಅಮೆರಿಕಕ್ಕೆ ಹೋಗಿ ಅಷ್ಟು ದೊಡ್ಡವರಾಗುತ್ತಾರೆಂದು ಆ ಅಧಿಕಾರಿಗೆ ಕನಸು ಬಿದ್ದಿತ್ತಾ? ಮನೆಗೆ ಬಂದವರು ಅಂತ ಇರಿಸಿಕೊಂಡದ್ದು, ಅಷ್ಟೇ" ಎಂದರು ಮಾಮ. ಅವರು ಅದನ್ನು ನನಗೆಂದು ಹೇಳಿದ್ದಲ್ಲ. ಆದರೂ ನನಗೆ ತಾಗಿತು.

ಮಧ್ಯಾಹ್ನದ ಮೇಲೆ ಟಿಳಕವಾಡಿಯ ವೀರಸೌಧಕ್ಕೆ ಹೋದೆವು. 1924ರ ಡಿಸೆಂಬರ್ 26 ಮತ್ತು 27ರಂದು ಕಾಂಗ್ರೆಸ್ ಅಧಿವೇಶನ ನಡೆದ ಜಾಗ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಅದರ ಹಿಂದಿನ ವರ್ಷ ಕಾಕಿನಾಡದಲ್ಲಿ ಅಧ್ಯಕ್ಷರಾಗಿದ್ದವರು ಮೌಲಾನಾ ಮುಹಮ್ಮದ್ ಅಲಿ. ಅವರ ಕೈಯಿಂದ ಆ ಹೊಣೆ ಗಾಂಧೀಜಿಯವರ ಕೈಗೆ ಬಂದದ್ದು ಈ ಬೆಳಗಾವಿಯಲ್ಲಿ ಎಂಬುದು ಮಗನಿಗಷ್ಟೇ ಅಲ್ಲ, ನನಗೂ ಹೊಸ ವಿಷಯ. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ಏರ್ಪಾಡು ಮಾಡಿದರು. ಬಾಲಕಿಯಾಗಿದ್ದ ಗಂಗೂಬಾಯಿ ಹಾನಗಲ್ ಅಲ್ಲಿ ಹಾಡಿದರು. ಬಂದವರ ನೀರಿನ ಅಗತ್ಯಕ್ಕೆಂದು ತೋಡಿಸಿದ ಬಾವಿಯನ್ನು ಜನ ಇಂದಿಗೂ ಕಾಂಗ್ರೆಸ್ ಬಾವಿ ಎಂದೇ ಕರೆಯುತ್ತಾರೆ. ನೂರು ವರ್ಷ ತುಂಬಿದ ಆಚರಣೆ ಕೆಲವೇ ದಿನಗಳ ಹಿಂದೆ ನಡೆದಿತ್ತು. ಬಾವಿಯ ಬಳಿ ನಿಂತಾಗ, ಅತಿಥಿಗಳು ಬರುತ್ತಾರೆಂದು ಒಂದು ಊರು ನೆಲ ಅಗೆದು ನೀರು ತೆಗೆದದ್ದು ನೆನೆದು ನನಗೆ ಮಾತು ಹೊರಡಲಿಲ್ಲ.

ಸಂಜೆ ಪೇಟೆ. ಖಡೇಬಜಾರಿನಲ್ಲಿ ಮಾಮ ನಡೆಯುವುದನ್ನು ನೋಡಬೇಕು. ಬಳೆ ಅಂಗಡಿಯವರೊಡನೆ ಮರಾಠಿ, ಅತ್ತರಿನವನೊಡನೆ ದಖನಿ, ಪೊಲೀಸಿನವನೊಡನೆ ಕನ್ನಡ, ನಮ್ಮೊಡನೆ ಬ್ಯಾರಿ. ಗಡಿ, ಭಾಷೆ ಎಂದು ಪತ್ರಿಕೆಯಲ್ಲಿ ಓದಿ ಓದಿ ಈ ಊರಿನ ಬಗ್ಗೆ ನನ್ನ ಮನಸ್ಸಿನಲ್ಲಿ ಬೇರೆಯೇ ಚಿತ್ರ ಇತ್ತು. "ಜಗಳ ಇಲ್ಲ ಅಂತ ಹೇಳುವುದಿಲ್ಲ. ಬಂದ್ ಆದಾಗ ನನ್ನ ಬೇಕರಿಯ ಬಾಗಿಲೂ ಮುಚ್ಚುತ್ತದೆ. ಆದರೆ ಮರುದಿನ ಬೆಳಿಗ್ಗೆ ಬ್ರೆಡ್ಡು ಎಲ್ಲರಿಗೂ ಬೇಕು" ಎಂದರು. ನನ್ನ ಹೆಂಡತಿಗೆ ಶಹಾಪುರದ ಕಡೆಯ ಮಗ್ಗದ ಸೀರೆ, ಮಗನಿಗೆ ಬೂಟು, ನಮ್ಮ ನೆರೆಮನೆಯವರಿಗೆಂದು ಎರಡು ಡಬ್ಬ ಕುಂದಾ. ಹಾಲನ್ನು ಕಾಯಿಸಿ ಕಾಯಿಸಿ ಕಂದು ಬಣ್ಣಕ್ಕೆ ತಂದು ಮಾಡುವ ಆ ಸಿಹಿ ಇನ್ನೂ ಬೆಚ್ಚಗಿತ್ತು. "ನೆರೆಮನೆಯವರು ನಿಮಗೆ ಗೊತ್ತೇ ಇಲ್ಲವಲ್ಲ ಮಾಮ" ಎಂದೆ. "ನಿನಗೆ ಗೊತ್ತಲ್ಲ" ಎಂದರು.

ರಾತ್ರಿ ಊಟ ಮುಗಿಯಿತು. ಮಾಮನದು ಎರಡೇ ಕೋಣೆಯ ಹಳೆಯ ಹಂಚಿನ ಮನೆ. ಮಂಚವಿದ್ದ ಕೋಣೆಯನ್ನು ನಮಗೆ ಬಿಟ್ಟು, ಮಾಮ ಮತ್ತು ಮಾಮಿ ಪಡಸಾಲೆಯ ನೆಲದಲ್ಲಿ ಚಾಪೆ ಹಾಸಿದರು. ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ. ಚಳಿಗೆ ಮಾಮ ಕೆಮ್ಮುವುದು ಬಾಗಿಲಿನಾಚೆಯಿಂದ ಕೇಳಿಸುತ್ತಿತ್ತು. ನನಗೆ ನಿದ್ದೆ ಬರಲಿಲ್ಲ. ಹೆಂಡತಿಗೂ ಬಂದಿರಲಿಲ್ಲ. ಇಬ್ಬರೂ ಒಂದೇ ವಿಷಯ ಯೋಚಿಸುತ್ತಿದ್ದೆವು. ಆದರೆ ಯಾರೂ ಬಾಯಿ ಬಿಡಲಿಲ್ಲ.

ಎರಡು ವರ್ಷಗಳ ಹಿಂದಿನ ಮಾತು. ಎದೆಯ ತಪಾಸಣೆಗೆಂದು ಮಾಮ ಮತ್ತು ಮಾಮಿ ಮಂಗಳೂರಿಗೆ ಬಂದಿದ್ದರು. ಬರುವ ಮೊದಲು ಫೋನ್ ಮಾಡಿ, "ಮೂರು ನಾಲ್ಕು ದಿನದ ಕೆಲಸ" ಎಂದಿದ್ದರು. ಅದಕ್ಕಿಂತ ಹೆಚ್ಚೇನೂ ಕೇಳಲಿಲ್ಲ. ನಾವು ಆಗಷ್ಟೇ ಸಣ್ಣ ಫ್ಲ್ಯಾಟಿಗೆ ಬಂದಿದ್ದೆವು. ಮಗನಿಗೆ ಓದಲು ತೊಂದರೆ, ಬಚ್ಚಲು ಒಂದೇ ಎಂದೆಲ್ಲ ಲೆಕ್ಕ ಹಾಕಿ ನಾನು, "ಆಸ್ಪತ್ರೆಯ ಪಕ್ಕದಲ್ಲೇ ಒಂದು ಲಾಡ್ಜ್ ಇದೆ ಮಾಮ, ನಿಮಗೆ ಓಡಾಟ ತಪ್ಪುತ್ತದೆ" ಎಂದೆ. "ಹೌದಾ? ಒಳ್ಳೆಯದಾಯಿತು" ಎಂದರು. ನಾಲ್ಕು ದಿನಗಳಲ್ಲಿ ಒಂದು ಸಂಜೆ, ಒಂದು ಕಿಲೋ ಸೇಬು ಹಿಡಿದುಕೊಂಡು ಹೋಗಿ ಅರ್ಧ ಗಂಟೆ ಕುಳಿತು ಬಂದೆ. ಲಾಡ್ಜಿನ ಬಾಡಿಗೆಯನ್ನೂ ಅವರೇ ಕೊಟ್ಟರು. ಇದಾದ ಮೇಲೂ ಫೋನಿನಲ್ಲಿ ಅವರ ಮಾತು ಎಂದಿನಂತೆ, "ಯಾವಾಗ ಬರುತ್ತಿ?" ಎಂಬುದೇ.

ಅತಿಥಿಯನ್ನು ಒಂದು ಹಗಲು ಒಂದು ರಾತ್ರಿ ವಿಶೇಷವಾಗಿ ಸತ್ಕರಿಸಬೇಕು, ಆತಿಥ್ಯ ಮೂರು ದಿನ, ಅದರ ನಂತರದ್ದು ದಾನ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಆತಿಥೇಯನಿಗೆ ಕಷ್ಟವಾಗುವಷ್ಟು ದಿನ ಅತಿಥಿ ಉಳಿಯಬಾರದೆಂದೂ ಹೇಳಿದ್ದಾರೆ. ಚಿಕ್ಕಂದಿನಲ್ಲಿ ಮದ್ರಸದಲ್ಲಿ ಕಲಿತದ್ದು. ಅತಿಥಿಗೆ ಹೇಳಿದ ಎರಡನೆಯ ಮಾತನ್ನು ಹಿಡಿದುಕೊಂಡು ನಾನು ನನಗೆ ಹೇಳಿದ ಮೊದಲನೆಯ ಮಾತಿನಿಂದ ಜಾರಿಕೊಂಡಿದ್ದೆ. ಕಷ್ಟ ಅವರಿಗಾಗುತ್ತದೆ ಎಂದು ಹೇಳಿದ್ದೆ. ನಿಜವಾಗಿ ಆಗುತ್ತಿದ್ದುದು ನನಗೆ. ಅದೂ ಕಷ್ಟವಲ್ಲ, ಬರೀ ಅನನುಕೂಲ.

ಭಾನುವಾರ ಬೆಳಿಗ್ಗೆ ಮಾಮ ಪರಿಚಯದವರ ಓಮ್ನಿಯೊಂದನ್ನು ತಂದು ನಿಲ್ಲಿಸಿದ್ದರು. ಖಾನಾಪುರ ಬೆಳಗಾವಿಯಿಂದ ಸುಮಾರು 26 ಕಿಲೋಮೀಟರು. ದಾರಿ ಹೋದ ಹಾಗೆ ಮರಗಳು ದಟ್ಟವಾಗುತ್ತವೆ, ಗಾಳಿಯಲ್ಲಿ ನಮ್ಮ ಘಟ್ಟದ ವಾಸನೆ ಬರುತ್ತದೆ. ಮಾಮ ಮೊದಲು ನಂದಗಡಕ್ಕೆ ಕರೆದೊಯ್ದರು. ಕಿತ್ತೂರು ಚೆನ್ನಮ್ಮನ ಬಂಟ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದ ಊರು. ಸಮಾಧಿಯ ಬಳಿಯ ಆಲದ ಮರಕ್ಕೆ ಜನ ಸಣ್ಣ ಸಣ್ಣ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಎಂಬ ಹರಕೆ. ಆ ತೊಟ್ಟಿಲುಗಳನ್ನು ಮಾಮಿ ಬಹಳ ಹೊತ್ತು ನೋಡುತ್ತ ನಿಂತರು. ಅವರಿಗೆ ಮಕ್ಕಳಿಲ್ಲ. ನನ್ನ ಮಗ ಹೋಗಿ ಅವರ ಕೈ ಹಿಡಿದುಕೊಂಡ. ಯಾರೂ ಹೇಳಿಕೊಟ್ಟದ್ದಲ್ಲ.

ವಾಪಸು ಖಾನಾಪುರಕ್ಕೆ ಬಂದು ಮಾಮ ಹಿಂದೆ ದುಡಿದ ಜಾಗ ನೋಡಿದೆವು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಚಿಮಣಿಯ ಬುಡ, ಮುರಿದ ಹಂಚಿನ ರಾಶಿ, ಮೇಲೆ ಬೆಳೆದ ಪೊದೆ. ಮಣ್ಣನ್ನು ನೆನೆಹಾಕಿ ಹದ ಮಾಡುವುದು, ಅಚ್ಚಿನಲ್ಲಿ ಒತ್ತುವುದು, ನೆರಳಿನಲ್ಲಿ ಒಣಗಿಸುವುದು, ಆಮೇಲೆ ಭಟ್ಟಿ, ಹೀಗೆ ಎಲ್ಲವನ್ನೂ ಮಾಮ ಮಗನಿಗೆ ಕೈಸನ್ನೆಯಲ್ಲಿ ತೋರಿಸಿದರು. "ಅವಸರದಲ್ಲಿ ಒಣಗಿಸಿದ ಹಂಚು ಭಟ್ಟಿಯಲ್ಲಿ ಬಿರುಕು ಬಿಡುತ್ತದೆ" ಎಂದರು. ತಾರಸಿ ಮನೆಗಳು ಬಂದ ಮೇಲೆ ಹಂಚಿಗೆ ಬೇಡಿಕೆ ಕುಸಿಯಿತು. ಆದರೂ ಖಾನಾಪುರದ ಮಣ್ಣಿಗೆ ಇನ್ನೂ ಹೆಸರಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದು ಇಲ್ಲಿಯೇ.

ಊರಿನ ಪಕ್ಕದಲ್ಲೇ ಮಲಪ್ರಭೆ. ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಎಷ್ಟೋ ಊರಿನ ಹೊಲಗಳಿಗೆ ನೀರುಣಿಸಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿ. ಇಲ್ಲಿ ಇನ್ನೂ ಚಿಕ್ಕದು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಮಾಮಿ, ನನ್ನ ಹೆಂಡತಿ ಮತ್ತು ಮಗ ನೀರಿಗಿಳಿದರು. ನಾನೂ ಮಾಮನೂ ಮೆಟ್ಟಿಲ ಮೇಲೆ ಕುಳಿತೆವು. ಈಗ ಹೇಳದಿದ್ದರೆ ಇನ್ನು ಹೇಳಲಾರೆ ಅನ್ನಿಸಿತು.

"ಮಾಮ, ಅವತ್ತು ನಾನು ನಿಮ್ಮನ್ನು ಲಾಡ್ಜಿಗೆ ಕಳಿಸಬಾರದಿತ್ತು."

ಅವರು ನೀರನ್ನೇ ನೋಡುತ್ತಿದ್ದರು. ಮರೆತಿದ್ದೇನೆ ಎಂದು ಹೇಳಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ.

"ನಿನ್ನ ಮಾಮಿ ಎರಡು ರಾತ್ರಿ ಅತ್ತಿದ್ದಳು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ನಾನು ಹೇಳಿದೆ, ಇವನನ್ನು ನಾವು ಒಂದು ಸಲವೂ ನಮ್ಮ ಮನೆಯಲ್ಲಿ ಇರಿಸಿಕೊಂಡಿಲ್ಲ. ಬರೀ ದುಡ್ಡು ಕಳಿಸಿದ್ದೇವೆ. ದುಡ್ಡು ಕಳಿಸಿದರೆ ಸಂಬಂಧ ಹೇಗೆ ಆಗುತ್ತದೆ? ಮೊದಲು ಅವನನ್ನು ಕರೆಯೋಣ" ಎಂದು ಎದ್ದು ನಿಂತು ಟೋಪಿ ಸರಿಮಾಡಿಕೊಂಡರು. "ನೀನು ಬಂದೆಯಲ್ಲ. ಏಳು, ಅಸರ್‌ಗೆ ಹೊತ್ತಾಯಿತು."

ಕ್ಷಮೆ ಕೇಳಲು ಹೋದವನಿಗೆ ಅವರು ತಮ್ಮ ಲೆಕ್ಕವನ್ನೇ ಒಪ್ಪಿಸಿಬಿಟ್ಟರು. ಔದಾರ್ಯ ಎಂದರೆ ಕೊಡುವುದು ಎಂದು ನಾನು ತಿಳಿದಿದ್ದೆ. ತಪ್ಪಿನ ಅರ್ಧ ಪಾಲನ್ನು ತಾನೇ ತೆಗೆದುಕೊಳ್ಳುವುದೂ ಔದಾರ್ಯವೇ ಎಂದು ಆ ದಿನ ಗೊತ್ತಾಯಿತು. ಆದರೂ ಆ ಎರಡು ರಾತ್ರಿಗಳು ನನ್ನವೇ. ಅವನ್ನು ಹಂಚಿಕೊಳ್ಳಲು ಬರುವುದಿಲ್ಲ.

ರಾತ್ರಿ ಬಸ್ಸು ಹೊರಡುವಾಗ ಮಾಮಿ ರೊಟ್ಟಿಯ ಗಂಟು ಕೊಟ್ಟರು. ಶಾಲುಗಳನ್ನು ವಾಪಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಊರಿಗೆ ಬಂದ ವಾರವೇ ಹೆಂಡತಿ ಮಗನ ಓದುವ ಮೂಲೆಯ ಹಳೆಯ ಸಾಮಾನು ಖಾಲಿ ಮಾಡಿದಳು. ನಾನು ಮಡಚುವ ಮಂಚವೊಂದನ್ನು ತಂದೆ. ಆಮೇಲೆ ಮಾಮನಿಗೆ ಫೋನ್ ಮಾಡಿ, ಮುಂದಿನ ತಪಾಸಣೆ ಯಾವಾಗ ಎಂದು ಕೇಳಿದೆ. ರಮಝಾನ್ ಹಬ್ಬ ಕಳೆದು ಇಬ್ಬರೂ ಬಂದರು. ನಮ್ಮ ಕೋಣೆ ಅವರಿಗೆ, ಮಡಚುವ ಮಂಚ ನನಗೆ. ಮಗ್ಗುಲು ತಿರುಗಿದರೆ ಕಿರ್ ಎನ್ನುವ ಮಂಚ. ಮಗ ಅಷ್ಟು ದಿನವೂ ಮಾಮಿಯ ಪಕ್ಕದಲ್ಲೇ ಮಲಗಿದ. ಬಚ್ಚಲು ಒಂದೇ ಆದದ್ದರಿಂದ ಬೆಳಿಗ್ಗೆ ಸರದಿ ನಿಲ್ಲಬೇಕಾಗುತ್ತಿತ್ತು, ಕಚೇರಿಗೆ ಎರಡು ದಿನ ತಡವಾಯಿತು. ಅಷ್ಟೇ ಆದದ್ದು.

ನಾಲ್ಕನೇ ದಿನ ಬೆಳಿಗ್ಗೆ ಮಾಮ ಚೀಲ ಕಟ್ಟಿದರು. ಇನ್ನೆರಡು ದಿನ ಇರಿ ಎಂದು ಹೆಂಡತಿ ಹಟ ಹಿಡಿದಳು.

"ಮೂರು ದಿನದ ಲೆಕ್ಕ ಮುಗಿಯಿತು ಮೋಳೆ" ಎಂದು ನಕ್ಕರು. ಬಾಗಿಲು ದಾಟುವಾಗ ನನ್ನ ಕಡೆ ತಿರುಗಿ, "ಆದರೆ ಒಂದು ಮಾತು ಹೇಳಬೇಕು. ಆ ಲಾಡ್ಜಿನಲ್ಲಿ ಬಿಸಿನೀರು ಇದಕ್ಕಿಂತ ಬೇಗ ಬರುತ್ತಿತ್ತು" ಎಂದರು.

ನಾನು ನಕ್ಕೆ. ಆಟೋದವನಿಗೆ ಹಣ ಕೊಡಲು ಅವರು ಜೇಬಿಗೆ ಕೈ ಹಾಕುವ ಮೊದಲೇ ಆ ಕೈಯನ್ನು ಹಿಡಿದುಕೊಂಡೆ.