ಬುದ್ಧಿಯ ಪರೀಕ್ಷೆ

ಮುಪ್ಪಿನಲ್ಲಿ ಮರೆವು ಸಹಜವೆಂಬುದು ಲೋಕದ ಮಾತು. ಆದರೆ ಯಾವ ಮರೆವು ವಯೋಧರ್ಮ, ಯಾವುದು ವ್ಯಾಧಿಯ ಲಕ್ಷಣವೆಂಬುದನ್ನು ಮನೆಯವರ ಊಹೆಯಿಂದ ನಿರ್ಣಯಿಸಲಾಗದು. ಇದಕ್ಕಾಗಿ ಮನಶ್ಶಾಸ್ತ್ರಜ್ಞರು ಕೆಲವು ಪರೀಕ್ಷೆಗಳನ್ನು ಏರ್ಪಡಿಸಿರುವರು. ಐದು ಪದಗಳನ್ನು ಹೇಳಿಕೊಟ್ಟು ಐದು ನಿಮಿಷಗಳ ತರುವಾಯ ಕೇಳುವುದು, ಅಂಕಿಗಳನ್ನು ವಿಲೋಮವಾಗಿ ಹೇಳಿಸುವುದು, ನೂರರಿಂದ ಏಳೇಳನ್ನು ಕಳೆಯಿಸುತ್ತ ಹೋಗುವುದು, ಗಡಿಯಾರದ ಚಿತ್ರವನ್ನು ಬರೆಯಿಸುವುದು ಮುಂತಾದುವು ಇವುಗಳಲ್ಲಿ ಸೇರಿವೆ. 1975ರಲ್ಲಿ ಅಮೆರಿಕದ ಫೋಲ್‌ಸ್ಟೈನ್ ಮೊದಲಾದವರು ಪ್ರಕಟಿಸಿದ ಸಂಕ್ಷಿಪ್ತ ಪರೀಕ್ಷೆಗೂ 2005ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಿಂದ ಬಂದ ಪರೀಕ್ಷೆಗೂ ಪೂರ್ಣಾಂಕ 30.

ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳನ್ನು ಪರೀಕ್ಷಿಸಿದ ನನಗೆ ಇಲ್ಲಿ ಒಂದು ಭೇದವು ಎದ್ದು ಕಾಣುತ್ತದೆ. ಶಾಲೆಯ ಪರೀಕ್ಷೆಯು ಹಿಂದೆ ಕಲಿತುದನ್ನು ಕೇಳುತ್ತದೆ. ಇದು ಈಗ ಕಲಿಯಬಲ್ಲೆಯಾ ಎಂದು ಕೇಳುತ್ತದೆ. ಪಾಠಶಾಲೆಯಲ್ಲಿ ನನ್ನ ಸಹಾಧ್ಯಾಯಿಗಳಾಗಿದ್ದ ಪಂಡಿತರೊಬ್ಬರು ಅಮರಕೋಶದ ಮೂರು ಕಾಂಡಗಳನ್ನೂ ಇಂದಿಗೂ ತಡೆಯಿಲ್ಲದೆ ಹೇಳುವರು. ಅದನ್ನು ಕೇಳಿ ಮನೆಯವರು ನಿಶ್ಚಿಂತರಾಗಿದ್ದರು. ಪರೀಕ್ಷೆಯ ದಿನ ಐದು ಪದಗಳಲ್ಲಿ ಒಂದೂ ಅವರ ನೆನಪಿಗೆ ಬರಲಿಲ್ಲ. ಬಾಲ್ಯದ ಕಂಠಪಾಠವು ಉಳಿದು ಹೊಸದು ನಿಲ್ಲದಿರುವುದು ಆಲ್ಝೈಮರ್ ವ್ಯಾಧಿಯ ಆರಂಭದಲ್ಲಿ ಸಾಮಾನ್ಯವಂತೆ.

ನಮ್ಮಕ್ಕನ ವಿಷಯ ಇದಕ್ಕೆ ವಿರುದ್ಧವಾದುದು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗಡಿಯಾರವನ್ನು ಬರೆಯೆಂದರೆ ಲೇಖನಿ ಹಿಡಿಯಲಾರದೆ ನಕ್ಕಳು. ಅಂಕಗಳು ಹದಿನಾರಕ್ಕೆ ಇಳಿದುವು. ಅಷ್ಟರಿಂದಲೇ ಜಮೀನಿನ ವ್ಯವಹಾರವನ್ನು ಅವಳ ಕೈಯಿಂದ ಬಿಡಿಸಬೇಕೆಂದು ಬಂಧುಗಳು ಹೊರಟರು. ಬೆಂಗಳೂರಿನಲ್ಲಿ ಪರೀಕ್ಷಕಿಯೊಬ್ಬರು ಮೊದಲು ಅವಳ ಕಿವಿ ಚೆನ್ನಾಗಿ ಕೇಳುವುದೇ ಎಂದು ನೋಡಿದರು. ಕನ್ನಡದಲ್ಲಿ ಕಥೆಯೊಂದನ್ನು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಹೇಳಿಸಿದರು. ಮನೆಯ ಲೆಕ್ಕಾಚಾರವನ್ನು ನೋಡುವವರು ಯಾರೆಂದು ವಿಚಾರಿಸಿದರು. ಸ್ಮೃತಿಗೆ ಲೋಪವಿಲ್ಲವೆಂದು ಗೊತ್ತಾಯಿತು. ನಿಮ್ಹಾನ್ಸ್ ಸಂಸ್ಥೆಯು 2004ರಲ್ಲಿ ಹೊರತಂದ ಪರೀಕ್ಷಾಸಮುಚ್ಚಯದಲ್ಲಿ ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ತಕ್ಕಂತೆ ಬೇರೆಬೇರೆ ಮಾನಗಳನ್ನು ಕೊಟ್ಟಿರುವುದು ಇಂಥ ಅನ್ಯಾಯವಾಗದಿರಲೆಂದೇ.

ಅಂಕಗಳು ಕಡಮೆಯಾದ ಮಾತ್ರಕ್ಕೆ ಬುದ್ಧಿ ಹೋಯಿತೆಂದು ವಾಚಕರು ಎದೆಗುಂದಬಾರದು. ಬಿ12 ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಹಾಗಾಗುವುದುಂಟು, ಇವಕ್ಕೆ ಚಿಕಿತ್ಸೆಯಿದೆ. ಹಳೆಯ ಶ್ಲೋಕಗಳು ನೆನಪಿವೆಯೆಂದು ಪರೀಕ್ಷೆಯನ್ನು ಮುಂದಕ್ಕೆ ಹಾಕುವುದೂ ಸಲ್ಲದು. ಕಾಯಿಲೆ ಬೇಗನೆ ತಿಳಿದುದರಿಂದ ಪಂಡಿತರಿಗೆ ತಮ್ಮ ಆಸ್ತಿಯ ಪತ್ರಗಳನ್ನು ಸ್ವಬುದ್ಧಿಯಿಂದ ಬರೆಯಿಸಲು ಕಾಲ ದೊರೆಯಿತು. ಅಕ್ಕನ ಸೆರಗಿನಲ್ಲಿದ್ದ ಬೀಗದಕೈ ಅಲ್ಲಿಯೇ ಉಳಿಯಿತು.